ಎರಡು ಕಣ್ಣಿಗೆ ಒಂದೇ ಹೊದಿಕೆ

ಕೇಳುಗರಿಗೆಲ್ಲ ನಮಸ್ಕಾರ. ಕಾಫಿ ಲೋಟ ಕೈಯಲ್ಲಿ ಹಿಡಿದು ಕೇಳುತ್ತಿದ್ದೀರಾ? ಹಾಗೇ ಹಿಡಿದುಕೊಂಡಿರಿ. ಇವತ್ತಿನ ಮಾತಿಗೆ ಆ ಲೋಟ ಬೇಕು.

ಆಕಾಶದಲ್ಲಿ ವಿಮಾನ ಹುಡುಕುವ ಕಣ್ಣು ಎರಡು. ರೇಡಾರ್ ತಾನೇ ಅಲೆ ಕಳಿಸುತ್ತದೆ, ಬಡಿದು ವಾಪಸ್ ಬಂದದ್ದನ್ನು ಹಿಡಿಯುತ್ತದೆ. ಇನ್‌ಫ್ರಾರೆಡ್ ಕ್ಯಾಮೆರಾ ಏನನ್ನೂ ಕಳಿಸುವುದಿಲ್ಲ. ಬಿಸಿ ವಸ್ತು ಸೂಸುವ ಶಾಖವನ್ನು ಸುಮ್ನೆ ನೋಡುತ್ತದೆ. ರೇಡಾರಿಗೆ ಕಾಣಬಾರದೆಂದರೆ ಅಲೆ ನುಂಗುವ ಮೈ ಬೇಕು. ಕ್ಯಾಮೆರಾಗೆ ಕಾಣಬಾರದೆಂದರೆ ಪಳಪಳ ಹೊಳೆಯುವ ಲೋಹದ ಮೈ ಬೇಕು. ಆ ಲೋಹವೋ, ರೇಡಾರಿಗೆ ಕನ್ನಡಿ. ಎತ್ತು ಏರಿಗೆ, ಕೋಣ ನೀರಿಗೆ, ಅಲ್ವಾ? ಎರಡೂ ಕಣ್ಣಿನಿಂದ ಮರೆಮಾಡುವ ಒಂದೇ ಹೊದಿಕೆ ಹೇಗೆ ಎನ್ನುವುದೇ ಇವತ್ತಿನ ಮಾತು.

ಹೊಳೆಯುವ ಲೋಹ ಶಾಖ ಬಿಡುವುದು ಬಹಳ ಕಡಿಮೆ ಎಂದರೆ ನಮ್ಮ ಲ್ಯಾಬಿನ ವಿದ್ಯಾರ್ಥಿಯೊಬ್ಬ ನಂಬಲಿಲ್ಲ. ಸರಿ, ಕ್ಯಾಂಟೀನಿನಿಂದ ಬಿಸಿ ಬಿಸಿ ಕಾಫಿ ತರಿಸಿದೆ. ಸ್ಟೀಲ್ ಲೋಟ. ಅದರ ಅರ್ಧ ಮೈಗೆ ವೈರಿಗೆ ಸುತ್ತುವ ಕರಿ ಟೇಪ್ ಅಂಟಿಸಿ, ಇನ್‌ಫ್ರಾರೆಡ್ ಕ್ಯಾಮೆರಾ ಹಿಡಿದೆವು. ಟೇಪಿನ ಕಡೆ 70 ಡಿಗ್ರಿ, ಪರದೆಯ ಮೇಲೆ ಕೆಂಡದ ಹಾಗೆ. ಸ್ಟೀಲಿನ ಕಡೆ 35ರ ಹತ್ತಿರ. ಒಂದೇ ಲೋಟ, ಒಂದೇ ಕಾಫಿ. ‘ಈ ಕಡೆ ತಣ್ಣಗಿದೆ ಸರ್’ ಎನ್ನುತ್ತ ಹುಡುಗ ಸ್ಟೀಲನ್ನೇ ಹಿಡಿದ. ಚುರ್ ಎಂದಿತು. ಬೆರಳಿಗೆ ಉಫ್ ಉಫ್ ಎನ್ನುತ್ತಲೇ ಮತ್ತೆ ಪರದೆ ನೋಡಿದ. ಸ್ಟೀಲಿನ ಮೇಲೆ ಬೆಳ್ಳಗೆ ಏನೋ ಅಲ್ಲಾಡುತ್ತಿತ್ತು. ಅದು ಅವನದೇ ಕೈ! ಲೋಟ ತನ್ನ ಶಾಖ ಮುಚ್ಚಿಟ್ಟು ಅವನ ಕೈಯ ಶಾಖವನ್ನು ಕನ್ನಡಿಯಂತೆ ತೋರಿಸುತ್ತಿತ್ತು.

ಟೇಪು ಶಾಖವನ್ನು ಚೆನ್ನಾಗಿ ನುಂಗುತ್ತದೆ, ಅಷ್ಟೇ ಚೆನ್ನಾಗಿ ಉಗುಳುತ್ತದೆ. ನುಂಗುವುದೇ ಉಗುಳುತ್ತದೆ ಎಂದು ಜರ್ಮನಿಯ ಭೌತವಿಜ್ಞಾನಿ ಕಿರ್ಖಾಫ್ 1859ರಲ್ಲೇ ಕಂಡುಕೊಂಡಿದ್ದ. ಆದರೆ ಆ ಮಾತು ನಿಲ್ಲುವುದು ಒಂದೇ ಅಳತೆಯ ಅಲೆಗೆ ಮಾತ್ರ. ದಯವಿಟ್ಟು ಇದೊಂದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ: ಅಲೆಯ ಅಳತೆ.

ನಿಮ್ಮ ಎಫ್‌ಎಂ ರೇಡಿಯೊಗೆ ಮಾತು ಹೊತ್ತು ತರುವ ಅಲೆ ಸುಮಾರು 3 ಮೀಟರ್ ಉದ್ದ. ಯುದ್ಧವಿಮಾನದ ರೇಡಾರಿನದು ಸುಮಾರು 3 ಸೆಂಟಿಮೀಟರ್. ಲೋಟದ ಶಾಖದ ಅಲೆ? ಒಂದು ಮಿಲಿಮೀಟರನ್ನು ನೂರು ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ಅಳತೆಯಲ್ಲಿ ಇಷ್ಟು ಅಂತರವಿರುವುದರಿಂದ ಒಂದೇ ಹಾಳೆ ಒಂದು ಅಲೆಗೆ ಗಾಜು, ಇನ್ನೊಂದಕ್ಕೆ ಕನ್ನಡಿ ಆಗಬಹುದು.

ಚುಕ್ಕಿ ರಂಗೋಲಿ ನೆನಪಿಸಿಕೊಳ್ಳಿ. ಚುಕ್ಕಿ ಇಟ್ಟಾಗಿದೆ, ಗೆರೆ ಎಳೆದಿಲ್ಲ. ತೆಳು ಹಾಳೆಯ ಮೇಲೆ ಲೋಹದ ಪುಟ್ಟ ಪುಟ್ಟ ಚೌಕಗಳು, ಒಂದೊಂದೂ ಮಿಲಿಮೀಟರ್ ಲೆಕ್ಕದ್ದು, ನಡುವೆ ಸಣ್ಣ ಸಂದು. ಶಾಖದ ಅಲೆಗೆ ಒಂದೊಂದು ಚೌಕವೂ ಬಯಲಿನಷ್ಟು ದೊಡ್ಡ ಕನ್ನಡಿ. ರೇಡಾರ್ ಅಲೆಗೆ ಹಾಗಲ್ಲ. ಲೋಹದಲ್ಲಿ ವಿದ್ಯುತ್ ಹರಿದರೆ ತಾನೇ ಆ ಅಲೆ ವಾಪಸ್ ಬರುವುದು? ಇಲ್ಲಿ ಚೌಕದಿಂದ ಚೌಕಕ್ಕೆ ದಾರಿಯೇ ಇಲ್ಲ. ಅಲೆ ಒಳಗೆ ಇಳಿಯುತ್ತದೆ, ಕೆಳಗಿನ ಪದರ ಅದನ್ನು ನುಂಗಿಬಿಡುತ್ತದೆ. ಗೆರೆ ಎಳೆದು ಚುಕ್ಕಿ ಕೂಡಿಸಿದಿರೋ, ಕೆಲಸ ಕೆಟ್ಟಿತು.

ಇಂಥ ಹೊದಿಕೆಯನ್ನು ‘ಮಾಯವಾಗುವ ಬಣ್ಣ’ ಎಂದು ಮೊಬೈಲಿನಲ್ಲಿ ಫಾರ್ವರ್ಡ್ ಮಾಡುವವರು ಜಾಸ್ತಿಯಾಗಿದ್ದಾರೆ. ಮಾಯವೂ ಇಲ್ಲ, ಮಂತ್ರವೂ ಇಲ್ಲ. ಬರಿಗಣ್ಣಿಗೆ ವಿಮಾನ ಕಂಡೇ ಕಾಣುತ್ತದೆ. ಇದು ಅಳತೆಯ ಕೆಲಸ, ಅಲೆಯ ಅಳತೆಯ ಕೆಲಸ.

ಸಮಯ ಮುಗಿಯುತ್ತ ಬಂತು, ಬೇಗ ಹೇಳಿಬಿಡುತ್ತೇನೆ. ಹೊರಗೆ ಬಿಡದ ಶಾಖ ಒಳಗೇ ಕೂಡಿದರೆ ಯಂತ್ರ ಬಿಸಿಯಾಗುತ್ತದೆ. ಅದಕ್ಕೇ 5ರಿಂದ 8 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ಅಲೆಗಳಲ್ಲಿ ಮಾತ್ರ ಶಾಖ ಬಿಡುವ ಪದರಗಳನ್ನೂ ಮಾಡಿದ್ದಾರೆ. ಗಾಳಿಯ ತೇವ ಅದನ್ನು ದಾರಿಯಲ್ಲೇ ಹೀರಿಕೊಳ್ಳುತ್ತದೆ, ದೂರದ ಕ್ಯಾಮೆರಾಗೆ ಮುಟ್ಟುವುದಿಲ್ಲ. ಇಲ್ಲೂ ಅಳತೆಯೇ, ನೋಡಿ. ನಮ್ಮ ದೇಶದಲ್ಲಿ ಐಐಟಿ ಕಾನ್ಪುರದವರು 2024ರ ನವೆಂಬರ್‌ನಲ್ಲಿ ‘ಅನಾಲಕ್ಷ್ಯ’ ಎಂಬ ಹೊದಿಕೆ ತೋರಿಸಿದರು. ಬಟ್ಟೆಯ ಮೇಲೆ ಕಟ್ಟಿದ್ದು, ರೇಡಾರ್ ಅಲೆ ನುಂಗುತ್ತದೆ. ಅದರ ಕಥೆಗೆ ಇನ್ನೊಂದು ದಿನವೇ ಬೇಕು. ನಮಸ್ಕಾರ.