ಹೊಸ ಬಲೆ ಬಂದಾಗ ಪಾಲು ಯಾರಿಗೆ?

(ಕಾರವಾರದಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

ಎಲ್ಲರಿಗೂ ನಮಸ್ಕಾರ.

ನಾನು ಬೆಳೆದದ್ದು ಅಂಕೋಲಾ ಕಡೆಯ ಒಂದು ಕಡಲತಡಿಯ ಊರಿನಲ್ಲಿ. ಶಾಲೆಗೆ ಹೋಗುವ ಮೊದಲು ರಂಪಣಿ ಎಂಬ ದೊಡ್ಡ ಮೀನುಬಲೆಯ ಹಗ್ಗ ಎಳೆದ ಮಕ್ಕಳಲ್ಲಿ ನಾನೂ ಒಬ್ಬ. ನಮಗೆ ಕೂಲಿ ಅಂತ ಇರಲಿಲ್ಲ. ಕೊನೆಗೆ ಒಂದು ಬೊಗಸೆ ತಾರ್ಲೆ ಮೀನು ಸಿಗುತ್ತಿತ್ತು. ಅದನ್ನು ಅಂಗಿಯಲ್ಲಿ ಕಟ್ಟಿಕೊಂಡು ಮನೆಗೆ ಓಡುತ್ತಿದ್ದೆವು.

ಇವತ್ತಿನ ವಿಷಯ, ಇದ್ದದ್ದನ್ನೆಲ್ಲ ಬುಡಮೇಲು ಮಾಡುವ ತಂತ್ರಜ್ಞಾನ ಬಂದಾಗ ಕಂಪನಿಗಳು, ದೇಶಗಳು ಏನು ಮಾಡುತ್ತವೆ ಅನ್ನುವುದು. ಕಾಲೇಜಿನಲ್ಲಿ ಇದನ್ನು ಪಾಠ ಮಾಡುವಾಗ ನನಗೆ ಮೊದಲು ನೆನಪಾಗುತ್ತಿದ್ದುದು ಆ ರಂಪಣಿಯೇ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ರಂಪಣಿ ಬಲೆ ಅಂದರೆ ಸುಮ್ನೆ ಒಂದು ದೊಡ್ಡ ಬಲೆ ಅಲ್ಲ. ಹಲವು ಮನೆಗಳ ಬಲೆ ತುಂಡುಗಳನ್ನು ಒಂದಕ್ಕೊಂದು ಕಟ್ಟಿ ಅದನ್ನು ಮಾಡುತ್ತಿದ್ದರು. ದಡದ ಮೇಲೆ ನಿಂತವನು ನೀರಿನ ಬಣ್ಣ ನೋಡಿ, ಹಕ್ಕಿ ಎರಗುವುದನ್ನು ನೋಡಿ ಕೂಗು ಹಾಕುತ್ತಿದ್ದ. ದೋಣಿ ಅರ್ಧಚಂದ್ರದ ಹಾಗೆ ಬಲೆ ಬಿಟ್ಟು ಬರುತ್ತಿತ್ತು. ಆಮೇಲೆ ಎರಡೂ ತುದಿಯಲ್ಲಿ ಹತ್ತಾರು ಜನ ಹಗ್ಗ ಹಿಡಿದು ಎಳೆಯಬೇಕು. ಸಿಕ್ಕ ಮೀನಿನಲ್ಲಿ ಬಲೆಗೆ ಇಷ್ಟು, ದೋಣಿಗೆ ಇಷ್ಟು, ಮೈಮುರಿದು ಎಳೆದವರಿಗೆ ಇಷ್ಟು ಅಂತ ಪಾಲು. ಊರಿನ ಮದುವೆ, ಸಾಲ, ಹಬ್ಬ ಎಲ್ಲ ಆ ಪಾಲಿನ ಮೇಲೆ ನಿಂತಿತ್ತು.

1970ರ ದಶಕದ ನಡುವಿನಲ್ಲಿ ಪರ್ಸೀನ್ ಬೋಟು ಬಂತು. ಇಂಜಿನ್ ಇರುವ ಬೋಟು, ನೈಲಾನ್ ಬಲೆ. ಮೀನು ದಡಕ್ಕೆ ಬರಲಿ ಅಂತ ಅದು ಕಾಯುವುದಿಲ್ಲ. ಬಂಗಡೆ ಹಿಂಡು ಇರುವಲ್ಲಿಗೇ ಹೋಗಿ, ಸುತ್ತ ಬಲೆ ಹಾಕಿ, ಕೆಳಗಿನ ಹಗ್ಗವನ್ನು ಚೀಲದ ಬಾಯಿಯ ಹಾಗೆ ಬಿಗಿಯುತ್ತದೆ. ಕೆಲವೇ ವರ್ಷಗಳಲ್ಲಿ ದಡಕ್ಕೆ ಬರುವ ಹಿಂಡು ಕಡಿಮೆಯಾಯಿತು. ಗಲಾಟೆಗಳಾದವು. ಈಗ ಇಲ್ಲಿಯ ಟಾಗೋರ್ ಕಡಲತೀರದಲ್ಲಿ ಯಾವಾಗಾದರೂ ಏಂಡಿ ಬಲೆ, ಅಂದರೆ ದಡದಿಂದ ಎಳೆಯುವ ಸಣ್ಣ ಬಲೆ, ಎಳೆಯುವುದು ಕಾಣುತ್ತದೆ. ಆ ದೊಡ್ಡ ರಂಪಣಿಯ ಕಾಲ ಹೋಯಿತು.

ರಂಪಣಿಯವರಿಗೆ ಹೊಸದು ತಿಳಿಯಲಿಲ್ಲ, ಅದಕ್ಕೇ ಸೋತರು ಅಂತ ಕೆಲವರು ಹೇಳುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಪರ್ಸೀನ್ ಏನು ಮಾಡುತ್ತದೆ ಅಂತ ನಮ್ಮೂರಿನ ಹಿರಿಯರಿಗೆ ಮೊದಲ ದಿನವೇ ಗೊತ್ತಾಗಿತ್ತು. ಅಷ್ಟೊಂದು ಜನರ ಪಾಲನ್ನು ಇಪ್ಪತ್ತು ಮೂವತ್ತು ಜನ ಹಿಡಿಸುವ ಬೋಟಿನೊಳಗೆ ತೂರಿಸುವುದು ಹೇಗೆ ಅನ್ನುವುದಕ್ಕೆ ಮಾತ್ರ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಅಡ್ಡ ಬಂದದ್ದು ಪಾಲು.

ದೊಡ್ಡ ಕಂಪನಿಗಳಲ್ಲೂ ಹೀಗೇ ಆಗುತ್ತದೆ. 1975ರಲ್ಲಿ ಅಮೆರಿಕದ ಫೋಟೋ ಫಿಲ್ಮ್ ಕಂಪನಿ ಕೊಡಾಕ್‌ನೊಳಗೇ ಸ್ಟೀವನ್ ಸ್ಯಾಸನ್ ಎಂಬ ಯುವ ಎಂಜಿನಿಯರ್ ಡಿಜಿಟಲ್ ಕ್ಯಾಮೆರಾ ಮಾಡಿದರು. ಮೂರೂವರೆ ಕಿಲೋಗಿಂತ ಜಾಸ್ತಿ ತೂಕ. ಒಂದು ಕಪ್ಪು-ಬಿಳುಪು ಚಿತ್ರ ಕ್ಯಾಸೆಟ್ಟಿನ ಮೇಲೆ ದಾಖಲಾಗಲು 23 ಸೆಕೆಂಡು. ಮುಂದೆ ತನ್ನನ್ನು ಮುಳುಗಿಸುವ ವಸ್ತು ಕೊಡಾಕ್ ಮನೆಯಲ್ಲೇ ಹುಟ್ಟಿತ್ತು. ಆದರೆ ಕಂಪನಿಯ ಲಾಭ ಬರುತ್ತಿದ್ದುದು ಫಿಲ್ಮ್ ರೋಲಿನಿಂದ. ಅಂಗಡಿಯವರು, ಸ್ಟುಡಿಯೋದವರು, ಕಾರ್ಖಾನೆಯವರು ಎಲ್ಲರ ಪಾಲೂ ಆ ರೋಲಿನಲ್ಲಿತ್ತು. 2012ರ ಜನವರಿಯಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು.

ಜಪಾನಿನ ಫುಜಿಫಿಲ್ಮ್ ಮಾರುತ್ತಿದ್ದುದೂ ಅದೇ ಫಿಲ್ಮ್. ಆದರೆ ಅವರು, ಫಿಲ್ಮ್ ಹೋದರೂ ಅದನ್ನು ಮಾಡುತ್ತಾ ನಾವು ಕಲಿತದ್ದು ಏನು ಅಂತ ಹುಡುಕಿದರು. ಫಿಲ್ಮಿನ ಜೆಲಾಟಿನ್ ಆಗುವುದು ಕಾಲಜನ್ ಎಂಬ ಪ್ರೋಟೀನಿನಿಂದ, ನಮ್ಮ ಚರ್ಮದಲ್ಲಿ ಇರುವುದೂ ಆ ಕಾಲಜನ್ನೇ. ಫೋಟೋದ ಬಣ್ಣ ಮಾಸದ ಹಾಗೆ ಕಾಪಾಡುವ ರಸಾಯನಶಾಸ್ತ್ರವೂ ಅವರಿಗೆ ಗೊತ್ತಿತ್ತು. 2006-07ರ ಹೊತ್ತಿಗೆ ಮುಖಕ್ಕೆ ಹಚ್ಚುವ ಕ್ರೀಮ್ ಮಾರಲು ಶುರು ಮಾಡಿದರು. ಟಿವಿ, ಕಂಪ್ಯೂಟರ್ ಪರದೆಗೆ ಬೇಕಾದ ಹಾಳೆ ಮಾಡಿದರು, ಔಷಧಕ್ಕೂ ಕೈ ಹಾಕಿದರು. ಕೆಲಸ ಕಳೆದುಕೊಂಡವರು ಅಲ್ಲೂ ಇದ್ದರು, ಅದನ್ನು ಮರೆಯಬಾರದು. ಆದರೂ ಹಳೆಯ ವಿದ್ಯೆಗೆ ಹೊಸ ಜಾಗ ಸಿಕ್ಕಿತು.

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಕ್ಲೇಟನ್ ಕ್ರಿಸ್ಟೆನ್ಸನ್ 1990ರ ದಶಕದಲ್ಲಿ ಹೇಳಿದ್ದು ಇಂಥದ್ದನ್ನೇ. ಒಳ್ಳೆಯ ಕಂಪನಿ ತನ್ನ ದೊಡ್ಡ ಗಿರಾಕಿಯ ಮಾತು ಕೇಳುತ್ತಾ ಇರುತ್ತದೆ. ಆಗ ಸಣ್ಣ ಗಿರಾಕಿಗೆ ಸಾಕಾಗುವ ಅಗ್ಗದ ವಸ್ತು ಕೆಳಗಿನಿಂದ ಹತ್ತಿ ಬರುತ್ತದೆ. ಪರ್ಸೀನಿಗೆ ಇದು ಪೂರ್ತಿ ಹೊಂದುವುದಿಲ್ಲ. ಅದು ದುಡ್ಡು ಇದ್ದವರ ಕಡೆಯಿಂದ ಬಂತು. ಆದರೆ ನಮ್ಮ ಪಕ್ಕದ ಜಿಲ್ಲೆಯ ಒಂದು ಕಥೆಗೆ ಚೆನ್ನಾಗಿ ಹೊಂದುತ್ತದೆ.

1984ರಲ್ಲಿ ಕೇಂದ್ರ ಸರ್ಕಾರ ಸಿ-ಡಾಟ್ ಎಂಬ ಟೆಲಿಫೋನ್ ತಂತ್ರಜ್ಞಾನದ ಸಂಶೋಧನಾ ಸಂಸ್ಥೆ ಸ್ಥಾಪಿಸಿತು. ಕರೆಗಳನ್ನು ಜೋಡಿಸುವ ಯಂತ್ರವೇ ಟೆಲಿಫೋನ್ ಎಕ್ಸ್‌ಚೇಂಜ್. ಆಗ ಹೊರದೇಶದ ಎಕ್ಸ್‌ಚೇಂಜ್ ಅಂದರೆ ದೊಡ್ಡ ಪೇಟೆಗೆ ಮಾಡಿದ್ದು. ಏಸಿ ಕೋಣೆ ಬೇಕು. ಹಳ್ಳಿಗೆ ಬೇಕಾದ ಸಣ್ಣ ಯಂತ್ರದಲ್ಲಿ ಆ ಕಂಪನಿಗಳಿಗೆ ಲಾಭ ಕಾಣಲಿಲ್ಲ. ಸಿ-ಡಾಟ್‌ನ ಹುಡುಗ ಹುಡುಗಿಯರು ಧೂಳು, ಸೆಕೆ ತಡೆಯುವ, ಏಸಿ ಬೇಡದ, 128 ಪೋರ್ಟ್ (ತಂತಿ ಜೋಡಿಸುವ ಜಾಗ) ಇರುವ ಎಕ್ಸ್‌ಚೇಂಜ್ ಮಾಡಿದರು. ಮೊದಲನೆಯದನ್ನು ಕೂರಿಸಿದ್ದು 1986ರಲ್ಲಿ, ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ. ಸಂಶೋಧನೆ, ಕಾರ್ಖಾನೆ, ಕೊಳ್ಳುವ ಇಲಾಖೆ, ಎಸ್‌ಟಿಡಿ ಬೂತ್ ಹಾಕಿ ಹೊಟ್ಟೆ ಹೊರೆದವರು, ಎಲ್ಲ ಒಂದೇ ಹಗ್ಗ ಎಳೆದರು. ಪಂಡಿತರು ರಾಷ್ಟ್ರೀಯ ನಾವೀನ್ಯ ವ್ಯವಸ್ಥೆ ಅನ್ನುವುದು ಇದಕ್ಕೇ. 1995ರಲ್ಲಿ ಮೊಬೈಲ್ ಬಂತು. ಆಮೇಲೆ ಬೂತುಗಳು ಒಂದೊಂದಾಗಿ ಮುಚ್ಚಿದವು. ಫೋನು ಎಲ್ಲರ ಕೈಗೂ ಬಂತು, ಬೂತಿನವರು ಏನಾದರು ಅಂತ ಕೇಳಿದವರು ಕಡಿಮೆ. ಪರ್ಸೀನ್ ಬಂದಾಗಲೂ ಹಗ್ಗ ಬಿಟ್ಟವರ ಬಗ್ಗೆ ಕೇಳಿದವರು ಕಡಿಮೆಯೇ. ಇದು ನನ್ನನ್ನು ಈಗಲೂ ಕಾಡುತ್ತದೆ.

ಹೋದ ವರ್ಷ ಶಿರಸಿ ಹತ್ತಿರ ಗೆಳೆಯರ ಅಡಿಕೆ ತೋಟಕ್ಕೆ ಹೋಗಿದ್ದೆ. ಕೊನೆ, ಅಂದರೆ ಅಡಿಕೆ ಗೊನೆ, ಕೊಯ್ಯುವ ಸಮಯ. ಮರ ಹತ್ತಿ ಕೊನೆ ಇಳಿಸುವ ಕೊನೆಗೌಡ ಈಗ ಮರದ ಮೇಲೆ ಇರಲಿಲ್ಲ. ನೆಲದ ಮೇಲೇ ನಿಂತು ಕಾರ್ಬನ್ ಫೈಬರಿನ ಹಗುರವಾದ ದೋಟಿಯನ್ನು, ಅಂದರೆ ಉದ್ದ ಕೋಲನ್ನು, ಒಂದೊಂದೇ ಗೆಣ್ಣು ಎಳೆದು ಉದ್ದ ಮಾಡುತ್ತಿದ್ದ. ತುದಿಯ ಕತ್ತಿಯನ್ನು ಕೊನೆಯ ಬುಡಕ್ಕೆ ಸಿಕ್ಕಿಸಿ ಒಂದೇ ಎಳೆತ. ಇಬ್ಬರು ಟಾರ್ಪಾಲು ಹಿಡಿದು ಕಾಯುತ್ತಿದ್ದರು. ಅವನ ಎದೆಯ ಮೇಲೆ, ಮರ ತಬ್ಬಿ ತಬ್ಬಿ ಆದ ಹಳೆಯ ಕಲೆಗಳು ಕಾಣುತ್ತಿದ್ದವು. ಕುತ್ತಿಗೆ ನೋಯುತ್ತದೆ, ಆದರೆ ಬೀಳುವ ಹೆದರಿಕೆ ಇಲ್ಲ ಅಂದ. ನನಗೆ ನಿಜವಾಗಿ ಸಂತೋಷವಾಯಿತು.

ಚಹಾ ಕುಡಿಯುವಾಗ ಅವನೇ ಕೇಳಿದ. "ಮಾಸ್ತರ್ರೇ, ದೋಟಿ ತೋಟದವರದ್ದು. ನಾಳೆ ಅವರ ಮಗನೇ ಹಿಡಿದರೆ ನನಗೆ ಏನು ಉಳೀತದೆ? ಒಂದು ದೋಟಿ ನನ್ನದೇ ಇದ್ದರೆ ಊರೆಲ್ಲ ಗುತ್ತಿಗೆ ಹಿಡೀತೆ. ನನ್ನ ಹೆಸರಲ್ಲಿ ಪಹಣಿ ಇಲ್ಲ. ಸಾಲ ಯಾರು ಕೊಡ್ತಾರೆ?"

ಇಲ್ಲಿ ಮುಂದಿನ ಸಾಲಿನಲ್ಲಿ ಸಹಕಾರ ಸಂಘಗಳ ಆಡಳಿತ ಮಂಡಳಿಯವರು ಕೂತಿದ್ದೀರಿ. ಅವನ ಪ್ರಶ್ನೆಯನ್ನು ಹಾಗೆಯೇ ನಿಮ್ಮ ಮುಂದೆ ಇಡುತ್ತಿದ್ದೇನೆ.