ಜೆಪ್ಪುವಿನ ಹೆಂಚು

ಅಧ್ಯಕ್ಷರೇ, ಗುರುಗಳೇ, ಹಳೆಯ ವಿದ್ಯಾರ್ಥಿ ಮಿತ್ರರೇ,

ಆಮಂತ್ರಣ ಪತ್ರಿಕೆಯಲ್ಲಿ ನನ್ನ ಮಾತಿಗೆ ‘ಬೆಳೆದು ಬಂದ ದಾರಿ’ ಎಂಬ ತಲೆಬರಹ ಅಚ್ಚಾಗಿದೆ. ಇಪ್ಪತ್ತೊಂದು ವರ್ಷ ಹೊರಗಿದ್ದು ಮರಳಿದವನಿಗೆ ನೀವು ಪ್ರೀತಿಯಿಂದ ಕೊಟ್ಟ ಗೌರವವಿದು. ಆದರೆ ಮೂರು ದಿನಗಳಿಂದ ಮಂಗಳೂರಿನಲ್ಲಿ ಅಡ್ಡಾಡುವಾಗ ನನಗೆ ನೆನಪಾಗುತ್ತಿರುವುದು ಬೆಳೆದು ಬಂದ ದಾರಿಯಲ್ಲ, ಕದ್ದು ನಡೆದ ದಾರಿ. ಅದನ್ನೇ ಹೇಳುತ್ತೇನೆ, ಸಂಘಟಕರು ಕ್ಷಮಿಸಬೇಕು.

ಹೊರಗಿನಿಂದ ಬಂದವರು ಮೊದಲು ಆಡುವ ಮಾತು ‘ಊರು ಮೊದಲಿನಂತಿಲ್ಲ’ ಎಂಬುದು. ನಾನೂ ಅದನ್ನೇ ಆಡಿದೆ. 1931ರಲ್ಲಿ ಇಲ್ಲೇ ಹುಟ್ಟಿದ, ನನ್ನ ಮೊದಲ ಉಳಿತಾಯ ಖಾತೆಯಿದ್ದ ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡದೊಳಗೆ ಸೇರಿಹೋಯಿತೆಂದು ಗೆಳೆಯನ ಎದುರು ಕೊರಗಿದೆ. ‘ನೀನು ಖಾತೆ ಮುಚ್ಚಿದ್ದು ಯಾವಾಗ?’ ಎಂದು ಅವನು ಕೇಳಿದ. ವಿಲೀನಕ್ಕಿಂತ ಎಷ್ಟೋ ವರ್ಷ ಮೊದಲು! ಊರು ಬದಲಾಯಿತೆಂದು ದೂರುವ ಹಕ್ಕು, ಮಳೆಗಾಲದಲ್ಲಿ ಪಂಪ್‌ವೆಲ್‌ನ ನೀರಿನಲ್ಲಿ ಸಿಕ್ಕಿಬೀಳುತ್ತಲೇ ಇಲ್ಲಿ ಉಳಿದವರದ್ದು, ಬಿಟ್ಟುಹೋದವನದ್ದಲ್ಲ.

ಇನ್ನು ಕದ್ದು ನಡೆದ ದಾರಿಯ ವಿಷಯ. ಬಂದರಿನ ಒಂದು ಗೋದಾಮಿನಲ್ಲಿ ಗುಮಾಸ್ತರಾಗಿದ್ದ ನನ್ನ ತಂದೆ ಜೆಪ್ಪುವಿನಲ್ಲಿ ಹೆಂಚಿನ ಬಾಡಿಗೆ ಮನೆಯೊಂದನ್ನು ಹಿಡಿದಿದ್ದರು. ಆಷಾಢದಲ್ಲಿ ನಡುಕೋಣೆಯ ಮೂರು ಕಡೆ ಸೋರುತ್ತಿತ್ತು. ಎರಡಕ್ಕೆ ಪಾತ್ರೆ, ಮೂರನೆಯದಕ್ಕೆ ನನ್ನ ಸ್ನಾನದ ಬಾಲ್ದಿ. ಕಾಲೇಜಿನಲ್ಲಿ ಮಾತ್ರ ನನ್ನ ಮನೆ ಕದ್ರಿಯಲ್ಲಿತ್ತು. ಆ ಸುಳ್ಳನ್ನು ಕಾಪಾಡಲು, ಸಂಜೆ ಗೆಳೆಯರೊಡನೆ ಹಂಪನಕಟ್ಟೆಯಿಂದ ಕದ್ರಿ ಕಂಬಳದವರೆಗೆ ನಡೆದುಹೋಗಿ, ಅವರೆಲ್ಲ ಮರೆಯಾದ ಮೇಲೆ ಅಷ್ಟೇ ದೂರ ಹಿಂದಕ್ಕೆ ನಡೆದು, ಮಂಗಳಾದೇವಿಯ ಬಸ್ಸು ಹಿಡಿಯುತ್ತಿದ್ದೆ. ಮೂರು ವರ್ಷ! ಆ ಗೆಳೆಯರಲ್ಲಿ ಇಬ್ಬರು ಈಗ ಎರಡನೆಯ ಸಾಲಿನಲ್ಲಿ ಕುಳಿತು ನಗುತ್ತಿದ್ದಾರೆ. ನನ್ನ ಕಾಲುಗಳ ಆರೋಗ್ಯಕ್ಕೆ ಅವರೇ ಕಾರಣ.

ನಿನ್ನೆ ಜೆಪ್ಪುವಿಗೆ ಹೋದೆ. ಮನೆ ಇದ್ದಲ್ಲಿ ನಾಲ್ಕು ಅಂತಸ್ತಿನ ಕಟ್ಟಡ ನಿಂತಿದೆ. ಗೇಟಿನಲ್ಲಿದ್ದವರು ‘ಯಾರು ಬೇಕ್ರೀ?’ ಎಂದರು. ನಾನು ಹುಟ್ಟಿದ ಮನೆಯ ಅಂಗಳದಲ್ಲಿ ನಿಂತು, ಯಾರು ಬೇಕು ಎಂಬುದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಅವರು ಬಾದಾಮಿಯ ಕಡೆಯವರು, ಇಲ್ಲಿಗೆ ಬಂದು ಹನ್ನೊಂದು ವರ್ಷವಾಯಿತಂತೆ. ಅಷ್ಟರಲ್ಲಿ ಮೀನಿನವಳು ಬಂದಳು. ಅವಳೊಡನೆ ಬಂಗುಡೆಯ ಬೆಲೆಗೆ ಅವರು ಜಗಳವಾಡಿದ ತುಳು ಕೇಳಿ ನಾನು ಬೆರಗಾದೆ. ನಡುವೆ ಬಾಯಿ ಹಾಕಲು ಹೋದ ನನ್ನ ತುಳು ಎರಡನೆಯ ವಾಕ್ಯಕ್ಕೇ ಕನ್ನಡಕ್ಕೆ ಜಾರಿತು. ಹಕ್ಕಿನ ಮಾತು ಆಗ ಎತ್ತಿದೆನಲ್ಲ, ಅದು ಈಗ ಅವರದ್ದು.

ಕಂಪೌಂಡಿನ ಮೂಲೆಯಲ್ಲಿ ಹಳೆಯ ಹೆಂಚುಗಳ ರಾಶಿಯಿತ್ತು. ಒಂದನ್ನು ತಿರುವಿ, ಪಾಚಿಯನ್ನು ಹೆಬ್ಬೆರಳಿನಿಂದ ಉಜ್ಜಿದಾಗ ಬಾಸೆಲ್ ಮಿಶನ್ನಿನ ಉಬ್ಬಕ್ಷರಗಳೂ 1865 ಎಂಬ ಅಂಕಿಯೂ ಎದ್ದುಬಂದವು. ಪ್ರತಿ ಹೆಂಚೂ ಆ ವರ್ಷವೇ ಸುಟ್ಟದ್ದೆಂದು ಚಿಕ್ಕಂದಿನಲ್ಲಿ ನಂಬಿದ್ದೆ. ಅದು ಮಿಶನ್ನಿನ ಹೆಂಚಿನ ಕಾರ್ಖಾನೆ ಆರಂಭವಾದ ವರ್ಷ. ನಾನು ನಾಚಿಕೊಂಡ ಮಾಡನ್ನು ಹೊದಿಸಿದ್ದು ಇದೇ ಜೆಪ್ಪುವಿನ, ಇದೇ ನೇತ್ರಾವತಿ ದಡದ ಉದ್ಯಮ. ಇಂಥ ಹೆಂಚು ಹಡಗೇರಿ ದೂರದ ದೇಶಗಳಿಗೂ ಹೋಗುತ್ತಿತ್ತು. ಹೊರಗೆ ಹೋಗಿ ಹೆಸರು ಮಾಡುವುದರಲ್ಲಿ ಅದು ನನಗಿಂತ ನೂರು ವರ್ಷ ಹಿರಿಯದು.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ‘ಊಟ’ ಎಂಬ ಒಂದೇ ಪದವಿದೆ. ಹೊರನಾಡಿನಲ್ಲಿ ಕಲಿತ ಶಿಸ್ತು, ಭಾಷೆಗಳು, ಸೋಲುಗಳು ಎಂದು ಬರೆದುಕೊಂಡ ಮೂರು ಪುಟಗಳು ಹಾಗೇ ಉಳಿದಿವೆ, ಉಳಿಯಲಿ. ಒಂದು ಹೆಂಚನ್ನು ಕೇಳಿ ತಂದಿದ್ದೇನೆ. ನಾಳೆ ಬಜ್ಪೆ ವಿಮಾನ ನಿಲ್ದಾಣದಲ್ಲಿ ಅದನ್ನು ಕೈಚೀಲದಲ್ಲಿ ಒಯ್ಯಲು ಬಿಡುತ್ತಾರೆಯೇ ಎಂಬುದನ್ನು ಬಲ್ಲವರು ಊಟದ ಸಾಲಿನಲ್ಲಿ ದಯವಿಟ್ಟು ತಿಳಿಸಬೇಕು.