ಅಜ್ಜಿಯ ಚೌಕಾಬಾರ, ನನ್ನ ಬ್ರೌಸರು, ಅಕ್ಕನ ಮಗನ 120 ಹರ್ಟ್ಸ್ ಫೋನು

ಇದು ಬೆಳಿಗ್ಗೆ ಆರೂವರೆ. ಮೈಸೂರು, ಅಜ್ಜಿ ಮನೆ. ನನ್ನ ಮುಖ ನೋಡಬೇಡಿ, ಕಾಫಿಗೆ ಮುಂಚೆ ತೆಗೆದ ಶಾಟ್ ಅದು. ಹಿಂದೆ ಕಾಣುತ್ತಿರುವುದು ದಸರಾ ಗೊಂಬೆ. ಪಟ್ಟದ ಗೊಂಬೆಗಳ ಪಕ್ಕ ಒಂದು ಪ್ಲಾಸ್ಟಿಕ್ ಡೈನೋಸಾರ್ ಕೂತಿದೆ ನೋಡಿ, ಅದು ಅಕ್ಕನ ಮಗನದು. ತೆಗೆಯಲು ಹೋದವರ ಕಥೆ ಮುಗಿಯಿತು.

ಹೊಸದಾಗಿ ಬಂದವರಿಗೆ ಹೇಳಿಬಿಡುತ್ತೇನೆ. ನಾನು ವೆಬ್ ಡೆವಲಪರ್. ಹಗಲು ಹೊತ್ತು ಫಾರ್ಮ್ ಮಾಡುತ್ತೇನೆ. ಹೆಸರು ತುಂಬಿ, ಹುಟ್ಟಿದ ದಿನ ತುಂಬಿ, ಮುಂದೆ ಒತ್ತಿ. ಐದು ವರ್ಷದಿಂದ ಅದೇ. ರಾತ್ರಿಯಾದರೆ ಅದೇ ಬ್ರೌಸರಿನಲ್ಲಿ ಯಾರೂ ಕೇಳದ ಸಾಮಾನು ಮಾಡುತ್ತೇನೆ. ಬೆರಳು ಹತ್ತಿರ ಬಂದರೆ ಓಡಿಹೋಗುವ ಇರುವೆಸಾಲು, ಚಪ್ಪಾಳೆ ತಟ್ಟಿದರೆ ಅರಳುವ ರಂಗೋಲಿ, ಹೀಗೆ. ಈ ಸಲ ಚೌಕಾಬಾರ. ಲಿಂಕ್ ಒತ್ತಿದರೆ ಸಾಕು, ಮನೆಯವರೆಲ್ಲ ಅವರವರ ಫೋನಿನಲ್ಲೇ ಸೇರಿ ಆಡಬಹುದು. ಹಬ್ಬಕ್ಕೆ ಎಲ್ಲರೂ ಬರುತ್ತಾರೆ, ಎಲ್ಲರ ಕೈಯಲ್ಲೂ ಫೋನು ಇದ್ದೇ ಇರುತ್ತದೆ. ಅದೇ ನನ್ನ ಲೆಕ್ಕ.

ಇಲ್ಲಿ ಅಜ್ಜಿ ನೆಲದ ಮೇಲೆ ಮನೆ ಬರೆಯುತ್ತಿದ್ದಾರೆ. ಕೆಂಪು ಗಾರೆ ನೆಲ, ಕೈಯಲ್ಲಿ ಸೀಮೆಸುಣ್ಣ. ಐದು ಅಡ್ಡ, ಐದು ಉದ್ದ, 25 ಮನೆ. ಅಂಚಿನ ನಾಲ್ಕು ನಡುಮನೆಗೆ ಮತ್ತು ಮಧ್ಯದ ಮನೆಗೆ ಕತ್ತರಿ ಗುರುತು. ಸ್ಕೇಲ್ ಇಲ್ಲ, ಅಳತೆ ಇಲ್ಲ. ಆ ಗೆರೆ ನೋಡಿ, ಈ ತುದಿಯಲ್ಲಿ ದಪ್ಪ, ನಡುವೆ ತೆಳು, ಒಂದು ಕಡೆ ನೆಲದ ಬಿರುಕಿಗೆ ಸಿಕ್ಕಿ ಸ್ವಲ್ಪ ಹಾರಿದೆ. ನನಗೆ ಸ್ಕ್ರೀನಿನ ಮೇಲೆ ಇದೇ ಗೆರೆ ಬೇಕಿತ್ತು.

ಮೊದಲು ಪ್ರತಿ ಚುಕ್ಕೆಯನ್ನೂ ರ್‍ಯಾಂಡಮ್ ಆಗಿ ಆಚೀಚೆ ಸರಿಸಿದೆ. ಇಸಿಜಿ ತೆಗೆಸಿದ ಹಾಗೆ ಬಂತು. ಆಮೇಲೆ ಪರ್ಲಿನ್ ನಾಯ್ಸ್ ಹಾಕಿದೆ. ಕೆನ್ ಪರ್ಲಿನ್ ಎನ್ನುವವರು 80ರ ದಶಕದಲ್ಲಿ ಮಾಡಿದ್ದು, ಅದಕ್ಕೆ 1997ರಲ್ಲಿ ಆಸ್ಕರ್‌ನವರು ತಾಂತ್ರಿಕ ಪ್ರಶಸ್ತಿ ಕೊಟ್ಟರು. ಇದರಲ್ಲಿ ಒಂದು ಅಂಕಿಯ ಪಕ್ಕದ ಅಂಕಿ ಅದಕ್ಕೆ ಹತ್ತಿರವೇ ಇರುತ್ತದೆ, ದಿಢೀರ್ ಅಂತ ನೆಗೆಯುವುದಿಲ್ಲ. ಕೈ ನಡುಗುವುದೂ ಹಾಗೇ ಅಲ್ವಾ? ಚಿತ್ರ ಬಿಡಿಸುವ ಕೋಡ್ ಲೈಬ್ರರಿ ಪಿ5 ಜೆಎಸ್‌ನಲ್ಲಿ ಇದಕ್ಕೆ ಒಂದೇ ಒಂದು ಫಂಕ್ಷನ್. ಎಡಗಡೆ ನನ್ನದು, ಬಲಗಡೆ ಅಜ್ಜಿಯದು. ಇನ್ನೂ ಅಜ್ಜಿಯದೇ ಚೆನ್ನಾಗಿದೆ. ಇರಲಿ.

ದಾರಿಯ ಕೋಡ್ ಬೇಗ ತೋರಿಸಿ ಮುಗಿಸುತ್ತೇನೆ. ಕಾಯಿ ತನ್ನ ಕತ್ತರಿ ಮನೆಯಿಂದ ಹೊರಟು ಹೊರಸುತ್ತು ಹಾಕಿ, ಒಳಗೆ ತಿರುಗಿ, ಎದುರು ದಿಕ್ಕಿನಲ್ಲಿ ಒಳಸುತ್ತು ಹಾಕಿ, ಮಧ್ಯಕ್ಕೆ ಹೋಗಿ ಹಣ್ಣಾಗುತ್ತದೆ. ಹೊರಗೆ 16 ಮನೆ, ಒಳಗೆ 8, ಮಧ್ಯ 1. ಒಂದು ಮನೆಯನ್ನೂ ಬಿಡುವುದಿಲ್ಲ, ಒಂದನ್ನೂ ಎರಡು ಸಲ ತುಳಿಯುವುದಿಲ್ಲ. 24 ಹೆಜ್ಜೆಗೆ ಹಣ್ಣು. ಒಬ್ಬರ ದಾರಿ ಬರೆದರೆ ಸಾಕು, ಹಲಗೆಯನ್ನು ಕಾಲು ಸುತ್ತು ತಿರುಗಿಸುತ್ತಾ ಹೋದರೆ ಉಳಿದ ಮೂವರದೂ ಸಿಗುತ್ತದೆ. ಇಷ್ಟು ಚೊಕ್ಕವಾದ ಡೇಟಾ ನನಗೆ ಆಫೀಸಿನಲ್ಲಿ ಯಾರೂ ಕೊಟ್ಟಿಲ್ಲ.

ಎಲ್ಲ ಮನೆಯನ್ನೂ ಒಂದೊಂದೇ ಸಲ ತುಳಿಯುವುದು ಅಂದ ತಕ್ಷಣ ಮುಮ್ಮಡಿ ಕೃಷ್ಣರಾಜ ಒಡೆಯರು ನೆನಪಾಗುತ್ತಾರೆ. ಮೈಸೂರಿನಲ್ಲಿ ಕೂತು ಆಟದ ವ್ಲಾಗ್ ಮಾಡಿ ಅವರ ಹೆಸರೆತ್ತದಿದ್ದರೆ ತಪ್ಪಾಗುತ್ತದೆ. 1794ರಿಂದ 1868ರವರೆಗೆ ಬದುಕಿದ್ದವರು. ಅವರ ಗ್ರಂಥ ಶ್ರೀತತ್ತ್ವನಿಧಿಯ ಒಂಬತ್ತನೇ ಭಾಗ ಕೌತುಕನಿಧಿ, ಅದರಲ್ಲಿ ಆಟಗಳ ಸಂಗತಿಯೂ ಇದೆ. ಚದುರಂಗದ ಕುದುರೆಯನ್ನು 64 ಮನೆಗೂ ಒಂದೊಂದೇ ಸಲ ಓಡಿಸುವ ದಾರಿಗಳನ್ನು ಕಂಡುಹಿಡಿಯುವ ಹುಚ್ಚು ಅವರಿಗೆ. ನಮಗೆ ಕಾಲೇಜಿನಲ್ಲಿ ಅದೇ ಲೆಕ್ಕವನ್ನು ಲ್ಯಾಬ್ ಪರೀಕ್ಷೆಗೆ ಕೊಟ್ಟಿದ್ದರು. ನನ್ನ ಪ್ರೋಗ್ರಾಮ್ ಓಡುತ್ತಲೇ ಇತ್ತು, ಪರೀಕ್ಷೆ ಮುಗಿದರೂ ಓಡುತ್ತಿತ್ತು. ಮುಂದೆ ಹೋಗಲು ಅತಿ ಕಡಿಮೆ ದಾರಿ ಇರುವ ಮನೆಗೇ ಮೊದಲು ಹೋಗು ಅಂತ ವಾರ್ನ್ಸ್‌ಡಾರ್ಫ್ ಎನ್ನುವವರು 1823ರಲ್ಲೇ ಸೂತ್ರ ಹೇಳಿದ್ದಾರೆ. ಪರೀಕ್ಷೆಗೆ ಮುಂಚೆ ಯಾರಾದರೂ ಹೇಳಬಾರದಿತ್ತಾ?

ಸರಿ, ಶಾಟ್ ಬದಲಾಯಿತು. ತಿಂಡಿ ಆಗಿದೆ. ಈಗ ಮೊದಲ ಆಟ.

ಮೂರು ಫೋನು. ಅಜ್ಜಿಯದು ಹಳೆಯದು, ಗಾಜಿನ ಮೂಲೆ ಒಡೆದಿದೆ. ನನ್ನದು ಸಾಧಾರಣ. ಅಕ್ಕನ ಮಗನದು ಅವರಪ್ಪ ಮೊನ್ನೆ ಕೊಡಿಸಿದ ಹೊಸ ಫೋನು. ಏಳನೇ ಕ್ಲಾಸಿನ ಹುಡುಗನಿಗೆ ಇಷ್ಟು ಒಳ್ಳೆಯ ಫೋನು ಯಾಕೆ ಅಂತ ನಾನು ಕೇಳಿಲ್ಲ, ಮನಸ್ಸಿನಲ್ಲೇ ಇಟ್ಟುಕೊಂಡಿದ್ದೇನೆ. ಈಗ ಹೇಳಿಬಿಟ್ಟೆ, ಅಕ್ಕ ಈ ವಿಡಿಯೋ ನೋಡುತ್ತಾಳೆ.

ನಾನು ಪರೀಕ್ಷೆ ಮಾಡಿದ್ದು ನನ್ನ ಲ್ಯಾಪ್‌ಟಾಪಿನಲ್ಲಿ. ಒಂದು ವಾರ, ಒಂದೇ ಲ್ಯಾಪ್‌ಟಾಪು. ಅಲ್ಲಿ ಎಲ್ಲ ಸರಿಯಾಗಿತ್ತು. ಇಲ್ಲಿ ಆಟ ಶುರುವಾಗಿ ಐದು ನಿಮಿಷವಾಗಿಲ್ಲ, ಹುಡುಗ ಕೂಗಿದ. "ಮಾವ, ನಿನ್ನ ಆಟ ಮೋಸ ಮಾಡ್ತಿದೆ! ನಾನು ಯೋಚನೆ ಮಾಡೋದ್ರೊಳಗೆ ನನ್ನ ಸರದಿ ಹೋಗುತ್ತೆ. ಅಜ್ಜಿಗೆ ಮಾತ್ರ ಎಷ್ಟು ಹೊತ್ತು ಬೇಕಾದ್ರೂ ಕೊಡುತ್ತೆ."

ಸೋಲುತ್ತಿದ್ದಾನೆ, ಅದಕ್ಕೆ ಕೂಗಾಡುತ್ತಿದ್ದಾನೆ ಅಂದುಕೊಂಡೆ. ಬೈದೆ ಕೂಡ. ಆಮೇಲೆ ಅವನ ಫೋನು ಇಸಕೊಂಡು ನೋಡಿದರೆ ಕವಡೆಗಳು ಗಾಳಿಯಲ್ಲಿ ತಿರುಗುವುದೇ ಇಲ್ಲ, ಸುಂಯ್ ಅಂತ ಬಂದು ಟಪ್ ಅಂತ ಬೀಳುತ್ತವೆ. ಸರದಿಗೆ 20 ಸೆಕೆಂಡು ಅಂತ ಇಟ್ಟಿದ್ದೆ. ಗೋಡೆ ಗಡಿಯಾರ ನೋಡಿ ಎಣಿಸಿದೆ. ಹತ್ತಕ್ಕೇ ಮುಗಿಯಿತು. ಅಜ್ಜಿಯ ಫೋನಿನಲ್ಲಿ ಎಣಿಸಿದೆ. ನಲವತ್ತು!

ಇಲ್ಲಿ ನಾನು ಹೇಗೆ ಕೂತಿದ್ದೇನೆ ನೋಡಿ. ಇದು ಹತ್ತು ನಿಮಿಷದ ಶಾಟ್, ಓಡಿಸಿ ತೋರಿಸುತ್ತಿದ್ದೇನೆ. ನಾನು ಅಲುಗಾಡೇ ಇಲ್ಲ. ಬೆಕ್ಕು ಮಾತ್ರ ಎರಡು ಸಲ ಬಂದು ಹೋಯಿತು.

ಆದದ್ದು ಇಷ್ಟು. ಬ್ರೌಸರಿನಲ್ಲಿ ರಿಕ್ವೆಸ್ಟ್ ಆನಿಮೇಶನ್ ಫ್ರೇಮ್ ಅಂತ ಒಂದಿದೆ. ಮುಂದಿನ ಚಿತ್ರ ಬಿಡಿಸುವ ಹೊತ್ತಾದಾಗ ಕರಿಯಪ್ಪ ಅಂತ ಬ್ರೌಸರಿಗೆ ಹೇಳಿಡುವುದು. ಅದು ಕರೆಯುವುದು ಪರದೆಯ ವೇಗಕ್ಕೆ ತಕ್ಕ ಹಾಗೆ. ನನ್ನ ಲ್ಯಾಪ್‌ಟಾಪು 60 ಹರ್ಟ್ಸ್, ಸೆಕೆಂಡಿಗೆ 60 ಸಲ. ಹುಡುಗನ ಫೋನು 120. ಅಜ್ಜಿಯ ಫೋನು ಏದುಸಿರು ಬಿಟ್ಟುಕೊಂಡು 30. ಹೀಗೆ ಬಿಡಿಸುವ ಒಂದೊಂದು ಚಿತ್ರವೂ ಒಂದು ಫ್ರೇಮ್. ನಾನು ಮಹಾಶಯ ಸಮಯವನ್ನು ಫ್ರೇಮ್ ಎಣಿಸಿ ಅಳೆದಿದ್ದೆ. 20 ಸೆಕೆಂಡು ಅಂದರೆ 1200 ಫ್ರೇಮ್ ಅಂತ ಬರೆದಿದ್ದೆ. 120ರ ಫೋನಿಗೆ 1200 ಫ್ರೇಮ್ ಹತ್ತು ಸೆಕೆಂಡಿನಲ್ಲಿ ಆಗಿಹೋಗುತ್ತದೆ, 30ರ ಫೋನಿಗೆ ನಲವತ್ತು ಬೇಕು. ದುಡ್ಡು ಕೊಟ್ಟು ಒಳ್ಳೆಯ ಫೋನು ತಂದವನಿಗೆ ಅರ್ಧ ಸಮಯ, ಒಡೆದ ಫೋನಿನ ಅಜ್ಜಿಗೆ ಡಬಲ್. ಒಂದು ರೀತಿ ನ್ಯಾಯವೇ ಅನ್ನಿ.

ಇದು ಗೊತ್ತಿಲ್ಲದ ವಿಷಯವೂ ಅಲ್ಲ, ಆಟ ಬರೆಯುವವರಿಗೆ ಮೊದಲ ಪಾಠ. ಹಾಗಾದರೆ ಯಾಕೆ ಹಾಗೆ ಬರೆದೆ? ನನ್ನ ತಲೆಯಲ್ಲಿರುವ ಆಟ ಫ್ಲ್ಯಾಶ್ ಕಾಲದ್ದು, ಬ್ರೌಸರಿನಲ್ಲಿ ಆಟ, ಆನಿಮೇಶನ್ ಓಡಿಸಲು ಆಗ ಇದ್ದ ಸಾಫ್ಟ್‌ವೇರು ಅದು. ಹೈಸ್ಕೂಲಿನಲ್ಲಿ ಸೈಬರ್ ಕೆಫೆಗೆ ಹೋಗಿ ಗಂಟೆಗೆ ಇಪ್ಪತ್ತು ರೂಪಾಯಿ ಕೊಟ್ಟು ಆಡುತ್ತಿದ್ದುದು ಅದೇ, ಆಮೇಲೆ ಕದ್ದ ಸೀಡಿ ಹಾಕಿಕೊಂಡು ಮೊದಲ ಗೊಂಬೆ ಕುಣಿಸಿದ್ದೂ ಅದರಲ್ಲೇ. ಅಲ್ಲಿ ಎಲ್ಲವೂ ಫ್ರೇಮಿನ ಲೆಕ್ಕ. ಫೈಲಿನಲ್ಲೇ ಸೆಕೆಂಡಿಗೆ 12 ಅಂತಲೋ 24 ಅಂತಲೋ ಬರೆದಿರುತ್ತಿತ್ತು, ಎಂಥ ಪರದೆ ಇದ್ದರೂ ಅಷ್ಟೇ ಇಟ್ಟುಕೊಳ್ಳಲು ನೋಡುತ್ತಿತ್ತು. ಅಡೋಬಿ 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್‌ಗೆ ಬೆಂಬಲ ನಿಲ್ಲಿಸಿತು. 2021ರ ಜನವರಿ 12ರಿಂದ ಪ್ಲೇಯರೇ ಓಡದ ಹಾಗೆ ಮಾಡಿತು. ಸಾವಿರಗಟ್ಟಲೆ ಆಟ ಒಂದು ದಿನದಲ್ಲಿ ಬೂದು ಚೌಕವಾಗಿಬಿಟ್ಟವು. ಈಗ ರಫಲ್ ಅಂತ ಒಂದು ಎಮ್ಯುಲೇಟರ್ ಇದೆ, ಅಂದರೆ ಫ್ಲ್ಯಾಶ್ ಪ್ಲೇಯರಿನ ಹಾಗೇ ನಡೆದುಕೊಳ್ಳುವ ಪ್ರೋಗ್ರಾಮ್, ರಸ್ಟ್ ಭಾಷೆಯಲ್ಲಿ ಬರೆದದ್ದು, ಹಳೆಯ ಆಟಗಳು ಬ್ರೌಸರಿನಲ್ಲಿ ಮತ್ತೆ ಓಡುತ್ತವೆ. ನಾನು ಮಾಡಿದ ಗೊಂಬೆ ಮಾತ್ರ ಸಿಕ್ಕಿಲ್ಲ. ಹಾರ್ಡ್ ಡಿಸ್ಕ್ ಕೆಟ್ಟಾಗ ಹೋಯಿತು. ಫ್ಲ್ಯಾಶ್ ಹೋದದ್ದು ಒಳ್ಳೆಯದೇ, ದಿನಾ ಒಂದು ಭದ್ರತೆಯ ತೂತು ಇರುತ್ತಿತ್ತು ಅಂತ ಹೋದ ವಿಡಿಯೋದಲ್ಲಿ ಹೇಳಿದ್ದೆ. ವಾಪಸ್ ತೆಗೆದುಕೊಳ್ಳುತ್ತೇನೆ. ಗೊಂಬೆಯನ್ನು ಮೌಸಿನಲ್ಲೇ ಎಳೆದು, ಅಲ್ಲೇ ಅದಕ್ಕೆ ಕೋಡ್ ಅಂಟಿಸುವ ಆ ಸುಖ ಇವತ್ತಿಗೂ ಇನ್ನೊಂದರಲ್ಲಿ ಸಿಕ್ಕಿಲ್ಲ.

ಏನೋ ಹೇಳುತ್ತಿದ್ದೆ. ಹಾಂ, ರಿಪೇರಿ.

ಫ್ರೇಮ್ ಎಣಿಸುವ ಬದಲು ಹೋದ ಫ್ರೇಮಿನಿಂದ ಈ ಫ್ರೇಮಿಗೆ ಎಷ್ಟು ಮಿಲಿಸೆಕೆಂಡು ಕಳೆಯಿತು ಅಂತ ನೋಡಿ ವೇಗವನ್ನು ಅದರಿಂದ ಗುಣಿಸಬೇಕು. ಮೂರು ಸಾಲು ಬದಲಾವಣೆ. ಎಲ್ಲ ಫೋನಿನಲ್ಲೂ ಕವಡೆ ಒಂದೇ ವೇಗ. ಖುಷಿಯಾಯಿತು, ಒಂದು ಲೋಟ ಕಾಫಿ ಜಾಸ್ತಿ ಕುಡಿದೆ. ಅಷ್ಟರಲ್ಲಿ ಅಜ್ಜಿಗೆ ಚಿಕ್ಕಮ್ಮನ ಫೋನ್ ಬಂತು. ನಾಲ್ಕು ನಿಮಿಷ ಮಾತು. ವಾಪಸ್ ಆಟಕ್ಕೆ ಬಂದರೆ ಕವಡೆಗಳೇ ಇಲ್ಲ! ಯಾಕೆಂದರೆ ಪುಟ ಹಿಂದೆ ಸರಿದಾಗ ಬ್ರೌಸರ್ ಫ್ರೇಮ್ ಕರೆಯುವುದನ್ನೇ ನಿಲ್ಲಿಸುತ್ತದೆ. ವಾಪಸ್ ಬಂದ ತಕ್ಷಣ "ಕಳೆದ ಸಮಯ ಎರಡು ಲಕ್ಷದ ನಲವತ್ತು ಸಾವಿರ ಮಿಲಿಸೆಕೆಂಡು" ಅನ್ನುತ್ತದೆ. ನನ್ನ ಕೋಡ್ ಅಷ್ಟನ್ನೂ ಒಂದೇ ಹೆಜ್ಜೆಯಲ್ಲಿ ಗುಣಿಸಿ ಕವಡೆಗಳನ್ನು ಎಸೆದಿದೆ. ಅವು ಪರದೆ ಬಿಟ್ಟು ಚಾಮುಂಡಿ ಬೆಟ್ಟ ದಾಟಿ ಎಲ್ಲೋ ಹೋಗಿವೆ. ಅಜ್ಜಿ ಪಾಪ ಫೋನು ಅಲ್ಲಾಡಿಸಿ ನೋಡುತ್ತಿದ್ದಾರೆ, ಈ ಶಾಟ್ ನನಗೆ ತುಂಬ ಇಷ್ಟ.

ಅದಕ್ಕೂ ಒಂದು ಮಿತಿ ಹಾಕಿದೆ. ಎಷ್ಟೇ ಕಳೆದಿದ್ದರೂ 50 ಮಿಲಿಸೆಕೆಂಡಿಗಿಂತ ಜಾಸ್ತಿ ಅಂತ ಲೆಕ್ಕ ಹಿಡಿಯಬೇಡ. ಸರದಿಯ ಗಡಿಯಾರವನ್ನು ಫೋನಿನಿಂದ ತೆಗೆದು ಎಲ್ಲರ ಫೋನನ್ನೂ ಸೇರಿಸುವ ಸರ್ವರಿಗೆ ಹಾಕಿದೆ. ಅದು ಮೊದಲೇ ಅಲ್ಲಿರಬೇಕಿತ್ತು, ಸೋಮಾರಿತನ. ನಾಲ್ಕು ಸಾಲಿನ ಕೆಲಸಕ್ಕೆ ಹಬ್ಬದ ಒಂದು ಇಡೀ ಮಧ್ಯಾಹ್ನ. ಹುಡುಗನಿಗೆ ಸಾರಿ ಕೇಳಿ ಐಸ್‌ಕ್ರೀಮ್ ಕೊಡಿಸಬೇಕಾಯಿತು. ದಸರಾ ಹೊತ್ತಿನ ಮೈಸೂರಿನಲ್ಲಿ ಐಸ್‌ಕ್ರೀಮಿಗೆ ಅಂತ ಹೊರಗೆ ಹೋಗಿ ಬರುವುದು ಅಂದರೆ ಏನು ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಆ ಫುಟೇಜ್ ಹಾಕುತ್ತಿಲ್ಲ, ಬರೀ ಜನರ ಬೆನ್ನು.

ರಾತ್ರಿ. ಬೆಳಕು ಸರಿ ಇಲ್ಲ, ಕ್ಷಮಿಸಿ. ಈಗ ಎರಡನೇ ದೂರು, ಇದು ಅಜ್ಜಿಯದು. "ಇದರಲ್ಲಿ ಬಾರಾನೇ ಬೀಳಲ್ವಲ್ಲೋ."

ನಾಲ್ಕು ಕವಡೆ. ಎಷ್ಟು ಬಾಯಿ ಮೇಲೆ ಬಿದ್ದವೋ ಅಷ್ಟು ಲೆಕ್ಕ. ನಾಲ್ಕೂ ಮೇಲೆ ಬಿದ್ದರೆ ಚೌಕ, ನಾಲ್ಕೂ ಮಗುಚಿದರೆ ಬಾರ, ಅಂದರೆ ಎಂಟು, ಇನ್ನೊಂದು ಸಲ ಹಾಕುವ ಅವಕಾಶ ಬೇರೆ. ನಾನು ಪ್ರತಿ ಕವಡೆಗೂ ಅರ್ಧಕ್ಕೆ ಅರ್ಧ ಅಂತ ಬರೆದಿದ್ದೆ, ನಾಣ್ಯದ ಹಾಗೆ. ಆ ಲೆಕ್ಕದಲ್ಲಿ ಬಾರ ಬೀಳುವುದು ಹದಿನಾರಕ್ಕೆ ಒಂದು ಸಲ. ಗಣಿತ ಸರಿ ಇದೆ ಅಜ್ಜಿ, ನಿಮಗೇ ಹಾಗನ್ನಿಸುತ್ತಿದೆ ಅಂದೆ.

ಅಜ್ಜಿ ಮಾತಾಡಲಿಲ್ಲ. ಎದ್ದು ಹೋಗಿ ಒಂದು ಹಳೇ ಕುಂಕುಮದ ಡಬ್ಬಿ ತಂದರು. ಒಳಗೆ ನಾಲ್ಕು ಹುಣಸೆ ಬೀಜ. ಕ್ಯಾಮೆರಾ ಹತ್ತಿರ ಹಿಡಿದಿದ್ದೇನೆ, ಫೋಕಸ್ ಆಗಲಿ. ಒಂದು ಮಗ್ಗುಲು ಕಪ್ಪು ಮಿಶ್ರಿತ ಕಂದು, ಹೊಳಪು. ಇನ್ನೊಂದು ಮಗ್ಗುಲನ್ನು ಕಲ್ಲಿಗೆ ಉಜ್ಜಿ ಉಜ್ಜಿ ಬೆಳ್ಳಗೆ ಮಾಡಿದೆ, ಬೆರಳಿಟ್ಟರೆ ಚಪ್ಪಟೆ. ಕಪ್ಪು ಕಡೆ ಉಬ್ಬಿಕೊಂಡಿದೆ. ಅವರ ಮನೆಯಲ್ಲಿ ಕವಡೆ ಇರಲಿಲ್ಲವಂತೆ, ಇದರಲ್ಲೇ ಆಟ. ಬಿಳಿ ಕಡೆ ಅಂದರೆ ಕವಡೆಯ ಬಾಯಿಯ ಲೆಕ್ಕ. ಚಪ್ಪಟೆ ಕಡೆ ನೆಲಕ್ಕೆ ಕೂರುವುದೇ ಜಾಸ್ತಿ. ಅಂದರೆ ಕಪ್ಪು ಮೇಲೆ. ಅಂದರೆ ಬಾರ.

ನೂರು ಸಲ ಹಾಕಿ ಬರೆದುಕೊಂಡೆ. ಹುಡುಗ ಎಣಿಸಿದ, ಅಜ್ಜಿ ಕಾವಲು. ನನ್ನ ಲೆಕ್ಕದ ಪ್ರಕಾರ ಆರು ಬಾರ ಬರಬೇಕಿತ್ತು. ಬಂದದ್ದು ಹನ್ನೊಂದು. ಅಜ್ಜಿ ಏನೂ ಹೇಳಲಿಲ್ಲ, ಎಲೆ ಅಡಿಕೆ ಹಾಕಿಕೊಂಡರು. ಆ ನಗು ನೋಡಿ.

ಈಗ ಆಟದ ಸೆಟ್ಟಿಂಗಿನಲ್ಲಿ ಕವಡೆ, ಹುಣಸೆ ಬೀಜ ಅಂತ ಎರಡು ಆಯ್ಕೆ ಇದೆ. ಬೀಜದ ಕಪ್ಪು ಕಡೆ ಮೇಲೆ ಬೀಳುವುದಕ್ಕೆ ಅರ್ಧದ ಬದಲು 0.57 ಹಾಕಿದ್ದೇನೆ. ಬಾರ ಹತ್ತಕ್ಕೊಂದರ ಹತ್ತಿರ ಬರುತ್ತದೆ, ಚೌಕ ಮೂವತ್ತಕ್ಕೊಂದರ ಹತ್ತಿರ ಇಳಿಯುತ್ತದೆ. ಆಟದ ರುಚಿಯೇ ಬದಲಾಗುತ್ತದೆ, ಎಲ್ಲರೂ ಎಂಟೆಂಟು ಮನೆ ಹಾರುತ್ತಾ ಒಬ್ಬರನ್ನೊಬ್ಬರು ಕಡಿಯುತ್ತಾರೆ. ಶುರುವಿನಲ್ಲಿ ಇದಕ್ಕೆ ತ್ರೀಡಿ ಕವಡೆ ಯಾಕೆ, ಚಿತ್ರ ಸಾಕು ಅಂದುಕೊಂಡಿದ್ದೆ. ಈಗ ಬೀಜದ ಉಬ್ಬು ತೋರಿಸಬೇಕು, ಬ್ರೌಸರಿನಲ್ಲಿ ತ್ರೀಡಿ ತೋರಿಸುವ ತ್ರೀ ಜೆಎಸ್ ಲೈಬ್ರರಿ ಹಾಕಿಯೇಬಿಟ್ಟೆ. ಇದನ್ನೇ ಜೆಎಸ್13ಕೆ ಸ್ಪರ್ಧೆಗೆ ಕಳಿಸುವ ಆಸೆ ಇತ್ತು. 2012ರಿಂದ ನಡೆಯುತ್ತಿದೆ, ಇಡೀ ಆಟ ಜಿಪ್ ಮಾಡಿದ ಮೇಲೆ 13 ಕಿಲೋಬೈಟಿನೊಳಗೆ ಇರಬೇಕು. ನನ್ನ ಒಂದು ಬೀಜದ ಫೋಟೋನೇ ಅದರ ಮೂವತ್ತು ಪಟ್ಟು ಇದೆ. ಬಿಡಿ.

ಕೊನೆಯ ಶಾಟ್, ಬ್ಯಾಟರಿ ಕೆಂಪಾಗಿದೆ. ಎಲ್ಲರ ಫೋನೂ ಗೊಂಬೆ ಮೆಟ್ಟಿಲ ಪಕ್ಕ ಚಾರ್ಜಿಗಿದೆ, ಆಟ ಮಾತ್ರ ನೆಲದ ಮೇಲೆ ನಡೆಯುತ್ತಿದೆ. ಸೀಮೆಸುಣ್ಣದ ಮನೆ ಅರ್ಧ ಅಳಿಸಿಹೋಗಿದೆ, ಅಕ್ಕನೂ ಬಂದು ಕೂತಿದ್ದಾಳೆ. ಕೆಂಪು ಬಳೆ ಚೂರು ನನ್ನ ಕಾಯಿ. ನಾಲ್ಕೂ ಹೊರಸುತ್ತಿನಲ್ಲೇ ಇವೆ. ಇನ್ನೂ ಯಾರನ್ನೂ ಕಡಿದಿಲ್ಲ, ಕಡಿಯದೆ ಒಳಗೆ ಬಿಡುವುದಿಲ್ಲ. ಅಜ್ಜಿಯದು ಆಗಲೇ ಎರಡು ಹಣ್ಣು. "ಆ ಕ್ಯಾಮೆರಾ ಆಮೇಲೆ ನೋಡ್ಕೋ, ನಿನ್ ಸರದಿ, ಹಾಕೋ" ಅನ್ನುತ್ತಿದ್ದಾರೆ. ಬಂದೆ ಅಜ್ಜಿ, ಬಂದೆ.